ಅವಿನೊ ಒಳಮೈ ನೋಡುತ್ತಾಳೆ

ಕೊರಳಿಗೆ ಕರುಳಬಳ್ಳಿ ಸುತ್ತಿಕೊಂಡು ಹುಟ್ಟಿದವರಿಗೆ
ನಮ್ಮ ಕಡೆ ಇಡುವ ಹೆಸರು ಅವಿನೊ.
ಈಗಲೂ ಅವಳ ಕೊರಳಿಗೆ ಒಂದು ಸುತ್ತಿಕೊಂಡೇ ಇರುತ್ತದೆ:
ಅಳತೆಯ ಟೇಪು,
ಅಂಚು ಸವೆದು ಮೊದಲೆರಡು ಅಂಕಿ ಅಳಿಸಿದ್ದು.
ಒಂದು, ಎರಡು ಅವಳಿಗೆ ಕಣ್ಣಳತೆ.

ಕಿಸುಮುವಿನ ಕಿಬುಯೆ ಸಂತೆಯಲ್ಲಿ
ಅವಳದು ತಗಡಿನ ಅಂಗಡಿ, ಪಕ್ಕದ ಮೊಳದಗಲ ನನ್ನದು.
ಹತ್ತು ಶಿಲ್ಲಿಂಗಿಗೆ ಫೋನು ಚಾರ್ಜು ಮಾಡಿಕೊಡುತ್ತೇನೆ.
ಊರಿನ ಅರ್ಧ ಆಸೆ ದಿನವಿಡೀ
ನನ್ನ ತಂತಿಗಳಿಗೆ ಜೋತುಬಿದ್ದಿರುತ್ತದೆ.

ಅವಳ ಆಸೆ ಒಂದು ಓವರ್‌ಲಾಕ್ ಯಂತ್ರ.
ಶಾಲೆ ಶುರುವಾಗುವ ಮುಂಚೆ
ಅರವತ್ತು ಸಮವಸ್ತ್ರದ ಅಂಚು ಕೈಯಲ್ಲೇ ಕಟ್ಟಿ
ಬೆರಳು ಬಾತಿವೆ.
ಮಾರ್ಗರಿನ್ ಡಬ್ಬಿಯಲ್ಲಿ ಹನ್ನೊಂದು ಸಾವಿರದ ನಾಲ್ಕುನೂರು.
ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಆ ಮೊತ್ತ, ಅದರ ಕೆಳಗೆ:
ಇದು ಬಾಡಿಗೆಯಲ್ಲ, ಫೀಸಲ್ಲ, ಮೀನೂ ಅಲ್ಲ.

ಮೊನ್ನೆ ಸಂಜೆ ಜಾಹೀರಾತು ತೋರಿಸಿದ್ದು ನಾನೇ.
ಇಪ್ಪತ್ತೆಂಟು ಸಾವಿರದ ಯಂತ್ರ
ಆರು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ!
ಕೆಳಗೆ ಕೆಂಪು ಗಡಿಯಾರ ಹಿಂದಕ್ಕೆ ಓಡುತ್ತಿತ್ತು,
ಎರಡು ಗಂಟೆ ಹದಿನೇಳು ನಿಮಿಷ, ಹದಿನಾರು, ಹದಿನೈದು…
"ಬೇಗ" ಅಂದೆ. ನನ್ನ ಬಾಯಲ್ಲೇ ನೀರು.

ತುಟಿಯಲ್ಲಿದ್ದ ಸೂಜಿ ತೆಗೆದಳು ಅವಿನೊ.
ಬಟ್ಟೆ ಕೊಳ್ಳುವಾಗಲೂ ಅವಳು ಮೊದಲು ಬಣ್ಣ ನೋಡುವವಳಲ್ಲ,
ಒಳಮೈ ತಿರುವುತ್ತಾಳೆ.
ಹಾಗೇ ತಿರುವಿದಳು ಆ ಅಂಗಡಿಯನ್ನೂ.
ವಿಳಾಸದ ಮೇಲೆ ಉಗುರಿಟ್ಟು ಅಕ್ಷರ ಅಕ್ಷರ ಎಣಿಸಿ
"ಇಲ್ಲಿ ಒಂದು ಹೊಲಿಗೆ ಹೆಚ್ಚಿದೆ" ಅಂದಳು.
ನಿಜ. ಹೆಸರಾಂತ ಅಂಗಡಿಯ ಹೆಸರೇ, ನಡುವೆ ಒಂದು ಎಲ್ ಜಾಸ್ತಿ.
"ಅಂಗಡಿ ಯಾವ ಬೀದೀಲಿದೆ? ಕೆಟ್ಟರೆ ವಾಪಸು ತಗೋತಾರಾ?
ಹಣ ಮೊದಲೇ ಯಾಕೆ, ಅದೂ ಯಾರೋ ಒಬ್ಬನ ಸ್ವಂತ ನಂಬರಿಗೆ?"
ನನ್ನಲ್ಲಿ ಉತ್ತರವಿರಲಿಲ್ಲ.
ಇದ್ದದ್ದು ಗಡಿಯಾರ ಮಾತ್ರ.

ಅವಳಿಗೆ ಹೇಳದೆ ಉಳಿಸಿದ್ದು:
ಹೋದ ಈಸ್ಟರಿಗೆ ನಾನೊಂದು ಸ್ಪೀಕರು ತರಿಸಿದ್ದೆ.
ಬಂತು. ಅಚ್ಚುಕಟ್ಟಾಗಿ ಕಟ್ಟಿದ್ದರು.
ಒಳಗೆ ಎರಡು ಬಟ್ಟೆ ಸಾಬೂನು.
ಹೆಂಡತಿ ಏನೂ ಅನ್ನಲಿಲ್ಲ, ತಿಂಗಳಿಡೀ ಅದರಲ್ಲೇ ಒಗೆದಳು.

ವಿಚಾರಿಸಿದ್ದೇ ತಪ್ಪಾಯಿತು, ಅವರೇ ಫೋನು ಮಾಡಿದರು.
ಜೇನಿನಂಥ ಸ್ವಹೀಲಿ: "ಅಮ್ಮಾ, ನಿಮಗೊಂದು ಕೋಡು ಬರುತ್ತೆ,
ಓದಿ ಹೇಳಿದರೆ ಸಾಕು."
ಅವಿನೊ ಅಂದಳು: "ನೋಡು ಮಗಾ,
ಈ ಸಂತೆಯ ಎಷ್ಟೋ ಹೆಂಗಸರ ಸೊಂಟದ ಸುತ್ತಳತೆ
ನನ್ನ ಪುಸ್ತಕದಲ್ಲಿದೆ. ಹತ್ತೊಂಬತ್ತು ವರ್ಷ,
ಒಬ್ಬರದನ್ನ ಇನ್ನೊಬ್ಬರಿಗೆ ಹೇಳಿಲ್ಲ.
ನನ್ನದನ್ನ ನಿನಗೆ ಹೇಳ್ತೀನಾ?"

"ಬೆಳಗ್ಗೆಯೂ ಬೇಕೆನಿಸಿದರೆ ಆಗ ನೋಡೋಣ"
ಎಂದು ಬಾಗಿಲು ಹಾಕಿದಳು.
ಬೆಳಗ್ಗೆ ನೋಡಿದೆವು.
ಗಡಿಯಾರ: ಎರಡು ಗಂಟೆ ಹದಿನೇಳು ನಿಮಿಷ.

ಕೊನೆಗೆ ಅವಳು ತರಿಸಿದ್ದು ಬೆರಳುದ್ದದ ಲೋಹದ ತುಂಡು,
ಹಳೇ ಯಂತ್ರಕ್ಕೇ ಕೂರುವ, ಅಂಚು ಕಟ್ಟುವ ಪಾದ.
ಬೆಲೆ ಆರುನೂರೈವತ್ತು, ಸಾಗಣೆ ನೂರ ಎಂಬತ್ತು.
ಸಾಗಣೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿದ್ದಳು,
ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚು ಬಿಟ್ಟ ಹಾಗೆ.

ಬೈಕಿನ ಹುಡುಗ "ಮೊದಲು ಹಣ" ಅಂದ.
"ಮೊದಲು ಕತ್ತರಿ" ಅಂದಳು.
ಪೊಟ್ಟಣ ಬಿಚ್ಚಿ, ಪಾದ ಕೂರಿಸಿ,
ಚಿಂದಿಯ ಮೇಲೆ ಗೇಣುದ್ದ ಹೊಲಿದು, ಎಳೆದು ನೋಡಿ,
ಆಮೇಲೆ ಕೊಟ್ಟಳು ಎಂಟುನೂರ ಮೂವತ್ತು.
ಅವನ ಜಾಕೆಟ್ಟಿನ ತೋಳು ಹರಿದಿತ್ತು.
"ಬಿಚ್ಚು, ಕೂತ್ಕೋ."
ಹೊಸ ಪಾದದ ಮೊದಲ ಕೆಲಸ. ನಲವತ್ತು ಶಿಲ್ಲಿಂಗು.

ಮುಚ್ಚಳದ ಮೇಲಿನ ಸುಣ್ಣ ಹೆಬ್ಬೆರಳಲ್ಲಿ ಒರೆಸಿ ಬರೆದಳು:
ಹತ್ತು ಸಾವಿರದ ಆರುನೂರ ಹತ್ತು.
ಚಾರ್ಜಿನ ನನ್ನ ಹತ್ತು ಶಿಲ್ಲಿಂಗು ನೆನಪಿಸಿದೆ.
"ಅದರ ಅಳತೆ ಇನ್ನೂ ತೆಗೆದಿಲ್ಲ" ಅಂದಳು,
ಸೂಜಿ ಮತ್ತೆ ತುಟಿಗೆ.