ರಾತ್ರಿ ಅಧಿವೇಶನದ ನಡಾವಳಿ

ಲುಸಾಕಾದ ದಿಣ್ಣೆಯ ಮೇಲೆ, ತಾಮ್ರ ಹೊದ್ದ ಸದನದಲ್ಲಿ
ಹತ್ತು ಹತ್ತು ನಿಮಿಷದ ಸರದಿಯಲ್ಲಿ ಕೂತು ಬರೆಯುತ್ತೇವೆ ನಾವು.
ಹೊರಗೆ ಊರಿಗೆ ಊರೇ ಕತ್ತಲು. ಕರೀಬಾದಲ್ಲಿ ನೀರಿಲ್ಲ.
ಒಳಗೆ ಜನರೇಟರಿನ ಗೊರಕೆ.
ಅದರ ಡೀಸೆಲ್ಲೂ ಸಾಲದ್ದೇ, ಎಂದು ಯಾರೋ ಕೂಗಿದರು.
(ನಗು) ಎಂದು ಬರೆದೆ.

ಮಾನ್ಯ ಹಮೂಂಗಾ ಎದ್ದರು:
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸಭಾಧ್ಯಕ್ಷರೇ.
ಮಾನ್ಯ ನಮುಕೋಲೊ, ಕೂತಲ್ಲಿಂದಲೇ:
ಹಾಸಿಗೆ ಸುತ್ತಿಕೊಂಡು ಹೋದವರು ಯಾರು?
ಅವರ ಕಾಲು ಈಗ ಯಾವ ಕಡಲದಂಡೆಯಲ್ಲಿ ಚಾಚಿದೆ?
(ಗದ್ದಲ)

ಗಣಿ ಮಾರೋಣ ಎಂದರು. ಬೇಡ, ಮಾರಿದ್ದನ್ನೇ ಎಷ್ಟು ಸಲ ಮಾರುವುದು ಎಂದರು.
ಜೋಳದ ಹಿಟ್ಟಿಗೆ ತೆರಿಗೆ. ನೌಕರರ ಸಂಬಳಕ್ಕೆ ಕತ್ತರಿ.
ಸಾಲ ಕೊಟ್ಟವರೇ ಸ್ವಲ್ಪ ಕೂದಲು ಕತ್ತರಿಸಿಕೊಳ್ಳಲಿ ಎಂದ
ಹೊಸದಾಗಿ ಗೆದ್ದು ಬಂದ ಹುಡುಗ, ಕೋಟಿನ ಗುಂಡಿ ಹಾಕುತ್ತ.
ನಮ್ಮ ಜುಟ್ಟು ಅವರ ಕೈಯಲ್ಲಿರುವಾಗ
ಕತ್ತರಿ ಯಾರದಪ್ಪ, ಎಂದಿತು ಹಿಂದಿನ ಸಾಲು.
ಹಳೆಯದನ್ನು ತೀರಿಸಲು ಹೊಸದು ಬೇಕು, ಇಷ್ಟು ಸಾಲ ಸಾಲದು,
ಎಂದವರ ಹೆಸರು ಗದ್ದಲದಲ್ಲಿ ಕೇಳಿಸಲಿಲ್ಲ.

ಒಂದು ಜನವರಿಯಲ್ಲಿ ಕ್ವಾಚಾದ ಮೂರು ಸೊನ್ನೆ ಅಳಿಸಿದ್ದರು.
ಬೆರಳಿಗೆ ಆಗ ಎಷ್ಟು ಹಗುರ!
ಎಲ್ಲಿ ಅಡಗಿದ್ದವೋ, ಈಗ ಡಾಲರಿನ ಬಾಲ ಹಿಡಿದು
ಒಂದೊಂದಾಗಿ ಮರಳುತ್ತಿವೆ.

ಹದಿನೇಳು ವರ್ಷ ಬರೆದು ನಾನು ಕಲಿತ ವ್ಯಾಕರಣ ಇಷ್ಟು:
ಸಾಲ ಪಡೆಯಲಾಯಿತು.
ಹಣ ವ್ಯಯವಾಯಿತು.
ರಸ್ತೆ ಆಗಲಿಲ್ಲ.
ಅಲ್ಲಿಯವರೆಗೂ ಬಾಗಿಲ ಹೊರಗೆ ಸಿಗರೇಟು ಸೇದುತ್ತಿದ್ದ ಕರ್ತೃಪದ
ತೀರಿಸುವ ಮಾತು ಬಂದಾಗ ಒಳಗೆ ಬರುತ್ತದೆ:
ನಾವೆಲ್ಲರೂ.

ಆಮೇಲೆ ಮುದುಕ ಸಿಮ್ವಿಂಗಾ. ಅಪರೂಪಕ್ಕೆ ಮಾತಾಡುವವರು.
ನಮ್ಮ ಕಡೆಯ ಆಸ್ಪತ್ರೆಗೆ ಅಡಿಪಾಯ ತೋಡಿ ಹನ್ನೊಂದು ವರ್ಷ.
ಕಂತು ಶುರುವಾಗಿದೆ, ಗೋಡೆ ಶುರುವಾಗಿಲ್ಲ.
ಮಳೆ ಬಂದಾಗ ಆ ಗುಂಡಿಯಲ್ಲಿ ಮಕ್ಕಳು ಈಜುತ್ತಾರೆ.
ತಲೆಗೆ ಎಷ್ಟು ಬೀಳುತ್ತದೆ, ಒಂದು ಚೀಟಿಯಲ್ಲಿ ಬರೆದುಕೊಡಿ,
ನಾಡಿದ್ದು ಊರಿಗೆ ಹೋಗುವವನಿದ್ದೇನೆ.

ಯಾರೂ ಚೀಟಿ ಕೊಡಲಿಲ್ಲ.
ಶೀಘ್ರಲಿಪಿಯಲ್ಲಿ ಕೆಮ್ಮಿಗೂ ಗುರುತಿದೆ, ಮೌನಕ್ಕಿಲ್ಲ.
ಒಂದು ಸಾಲು ಖಾಲಿ ಬಿಟ್ಟೆ.
ಬೆಳಿಗ್ಗೆ ಸಂಪಾದಕರು ಅದನ್ನು ಮುಚ್ಚುತ್ತಾರೆ, ಗೊತ್ತು.

ಒಂದೂವರೆಗೆ ಮಂತ್ರಿಗಳು ಅನುಬಂಧ ಓದಿದರು:
ಬೀಜಿಂಗಿನ ಬ್ಯಾಂಕು, ಲಂಡನ್ನಿನ ಬಾಂಡುದಾರರು,
ವಾಷಿಂಗ್ಟನ್ನಿನ ನಿಧಿ, ಡೀಸೆಲ್ ಗುತ್ತಿಗೆದಾರ,
ಕೊನೆಗೆ, ಇತರೆ.

ಇಪ್ಪತ್ತಾರು ರಾತ್ರಿಗಳ ಭತ್ಯೆ ನನಗಿನ್ನೂ ಬಂದಿಲ್ಲ.
ಹಾಗೆ ನೋಡಿದರೆ ಈ ದೇಶಕ್ಕೆ ನಾನೂ ಸಾಲ ಕೊಟ್ಟವಳೇ.
ಮಗಳು ಲುಯಾಂಡೊ ನಗುತ್ತಾಳೆ:
ಮತ್ತೇಕೆ ಸುಮ್ಮನಿದ್ದೀ, ಹೋಗಿ ಜಪ್ತಿ ಮಾಡಮ್ಮ,
ಆ ಗೋಡೆಯದೊಂದು ತಾಮ್ರದ ತಗಡು ಕಿತ್ತುಕೊಂಡು ಬಾ.

ಇತರೆ ಎಂಬುದು ನಮ್ಮ ಲಿಪಿಯಲ್ಲಿ ಒಂದು ಪುಟ್ಟ ಕೊಕ್ಕೆ.
ಅದನ್ನು ಸ್ವಲ್ಪ ಒತ್ತಿಯೇ ಬರೆದೆ, ಪೆನ್ಸಿಲ್ಲಿನ ಮೊನೆ ಮುರಿಯಿತು.
ಅಷ್ಟರಲ್ಲಿ ನನ್ನ ಹತ್ತು ನಿಮಿಷ ಮುಗಿದಿತ್ತು.
ಇನ್ನೂ ಬೆಚ್ಚಗಿದ್ದ ಕುರ್ಚಿಯಲ್ಲಿ ಮುಂದಿನವಳು ಕೂತಳು.
ಮಾನ್ಯ ಹಮೂಂಗಾ ಮತ್ತೆ ಎದ್ದರು.