ಯಾರೂ ಹೊದೆಯದ ಕೌದಿ

ಮೊದಲೆಲ್ಲ ಸುಲಭವಿತ್ತು.
ಯಾರಿಗೋ ಮಗು ಹುಟ್ಟಿತೆಂದರೆ ಒಂದು,
ಯಾರದೋ ಮನೆ ಸುಟ್ಟಿತೆಂದರೆ ಒಂದು,
ಚರ್ಚಿನ ಚಾವಣಿ ಸೋರಿತೆಂದು ಲಾಟರಿಗೊಂದು.
ಮಂಗಳವಾರ ಸಂಜೆ ಲೀಟಾಳ ಅಡುಗೆಮನೆಯಲ್ಲಿ
ಆರು ಜನ, ಒಂದು ಚೌಕಟ್ಟು, ಒಂದು ಕೆಟಲಿ ಚಹಾ,
ಊರ ಸುದ್ದಿಯೇ ದಾರ.
ಅಳತೆ ಪುಸ್ತಕದ್ದು, ಬಣ್ಣ ಅಂಗಡಿಯದು,
ನನ್ನದು ಬರೀ ಬೆರಳು.

ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ
ಹ್ಯಾಡಕ್ ಸೀಳಿದ ಬೆರಳು.
ಮುಳ್ಳಿನ ಬದಿಗೆ ಚಾಕು ತಾನೇ ಬಳುಕುವ ಜಾಗ
ಕಣ್ಣು ಹಾಯಿಸದೆ ಗೊತ್ತಾಗುತ್ತಿತ್ತು.
ಅದನ್ನು ಯಾರೂ ವಿದ್ಯೆ ಅನ್ನಲಿಲ್ಲ, ನಾನೂ ಅನ್ನಲಿಲ್ಲ.
ಗಂಟೆಗಿಷ್ಟು ಅಂತ ಕೂಲಿ ಅಂದರು.

ಕಾರ್ಖಾನೆ ಮುಚ್ಚಿದ ವರ್ಷ, ಮಾರ್ಚಿನಲ್ಲಿ,
ಫಂಡಿ ಕೊಲ್ಲಿಯ ನೀರಿಳಿದು ಮೈಲುಗಟ್ಟಲೆ ಕೆಸರು ಬಿದ್ದಿತ್ತು.
ಹುಟ್ಟಿದಾಗಿನಿಂದ ದಿನಕ್ಕೆರಡು ಸಲ ನೋಡಿದ್ದೇ.
ಅವತ್ತು ಕಂಡಿತು:
ನೀರು ಹಿಂದೆ ಸರಿಯುತ್ತ ಕೆಸರಿನ ಮೇಲೆ ಗೆರೆ ಎಳೆಯುತ್ತದೆ,
ಒಂದರ ಪಕ್ಕ ಒಂದು, ಮುಟ್ಟಿಯೂ ಮುಟ್ಟದ ಹಾಗೆ,
ಥೇಟ್ ಹೊಲಿಗೆ.
ಯಾರಿಗಾಗಿ?
ಆರು ತಾಸಿಗೆ ಮತ್ತೆ ತಾನೇ ಬಂದು ಬಿಚ್ಚಿಹಾಕುತ್ತದೆ.

ಅಲ್ಲಿಂದ ಶುರುವಾಯಿತು ಹುಚ್ಚು.
ಹೂವಿನ ಬಟ್ಟೆಯನ್ನೆಲ್ಲ ಲೀಟಾಳಿಗೆ ಕೊಟ್ಟೆ.
ಬಿಳಿ ಹತ್ತಿಯನ್ನು ಕೆಸರಲ್ಲಿ ಹೂತೆ, ಕಲ್ಲು ಹೇರಿದೆ,
ಹನ್ನೊಂದು ದಿನ ಬಿಟ್ಟು ತೆಗೆದೆ. ಕೊಳೆತ ಏಡಿಯ ವಾಸನೆ.
ಮರ್ಡಾಕ್ ಮೂಗು ಮುಚ್ಚಿಕೊಂಡು ಕೇಳಿದ:
"ಇದ್ದ ಬಟ್ಟೆಗೆ ಏನಾಗಿತ್ತು ದಾಡಿ?"
ನನಗೂ ಗೊತ್ತಿರಲಿಲ್ಲ.
ಕೆಂಪೂ ಅಲ್ಲದ, ಕಂದೂ ಅಲ್ಲದ,
ಒದ್ದೆ ಇದ್ದಾಗ ಮಾತ್ರ ಇರುವ ಆ ಒಂದು ಬಣ್ಣ
ಒಣಗಿದ ಕೂಡಲೇ ಸಾಯುತ್ತಿತ್ತು.

ಒಂದು ಮೊಳ ಹೊಲಿದು ಎರಡು ಮೊಳ ಬಿಚ್ಚಿದ ದಿನಗಳಿವೆ.
ಗೆರೆ ನೆಟ್ಟಗೆ ಬಂದರೆ ಸುಳ್ಳು,
ಬೇಕೆಂದೇ ಸೊಟ್ಟ ಮಾಡಿದರೆ ಇನ್ನೂ ದೊಡ್ಡ ಸುಳ್ಳು.
ಒಂದು ರಾತ್ರಿ, ಚಳಿಗೆ ಬೆರಳು ಮರಗಟ್ಟಿ
ಸೂಜಿಯ ಹಿಡಿತ ಸಡಿಲಾದಾಗ,
ಅದು ಮುಳ್ಳಿನ ಬದಿಯ ಚಾಕುವಿನಂತೆ ತಾನೇ ಬಳುಕಿತು.
ಉಸಿರು ಬಿಡಲಿಲ್ಲ ನಾನು, ದಾರ ಮುಗಿಯುವ ತನಕ.

ಮಂಗಳವಾರ ತಪ್ಪಿತು.
"ಐಡೆಲ್ಲಾಳದು ಈಗ ಕೌದಿಯಲ್ಲ, ಕಲೆ" ಅಂದರಂತೆ.
ನೋವಾಯಿತು. ಆದರೂ ಹೋಗಲಿಲ್ಲ.
ಇದನ್ನೂ ಹೇಳಿಬಿಡಬೇಕು:
ವಿನಿಫ್ರೆಡಳಿಗೆ ಮೊಮ್ಮಗು ಹುಟ್ಟಿದಾಗ
ಅಂಗಡಿಯ ಕಂಬಳಿ ಕೊಟ್ಟು ಬಂದೆ.

ಎರಡು ಚಳಿಗಾಲವಾದ ಮೇಲೆ ಗೋಡೆಗೆ ತೂಗುಹಾಕಿದೆ.
ಮರ್ಡಾಕ್ ಟೋಪಿ ತೆಗೆದು ನೋಡಿದ, ಬಹಳ ಹೊತ್ತು.
ಆಮೇಲೆ, "ಸರಿ, ಯಾರು ಹೊದೆಯೋದು?"
"ಯಾರೂ ಇಲ್ಲ."
ಅಂದೆ; ಕದ್ದವಳ ಹಾಗೆ ನಾಲಿಗೆ ಒಣಗಿತು.
ನಮ್ಮಮ್ಮ ಹಿಟ್ಟಿನ ಚೀಲ ಬಿಚ್ಚಿ ಹೊಲಿದವಳು,
ಒಂದು ಚಿಂದಿಯನ್ನೂ ಯಾರ ಮೈಗೂ ತಾಗಿಸದೆ ಬಿಟ್ಟವಳಲ್ಲ.

ಫೆಬ್ರವರಿಯ ಬಿರುಗಾಳಿಗೆ ತಂತಿ ಹರಿದು
ಮೂರು ದಿನ ಕರೆಂಟಿಲ್ಲ.
ಎರಡನೆಯ ರಾತ್ರಿ ಅವನ ಹಲ್ಲು ಕಟಕಟ.
ನಾನೇ ಕುರ್ಚಿ ಹತ್ತಿ ಮೊಳೆಯಿಂದ ಬಿಡಿಸಿದೆ.
ಹೊಲಿಗೆ ದಟ್ಟವಾಗಿ ಹಲಗೆಯಷ್ಟು ಬಿರುಸು,
ಕತ್ತಿನವರೆಗೆ ಎಳೆದರೆ ಕಾಲು ಹೊರಗೆ.
ಅವನ ಕೈಯಲ್ಲಿ ಚಹಾ, ನನ್ನ ಕಣ್ಣು ಚಹಾದ ಮೇಲೆ.
ಚೆಲ್ಲಿದ. ಚೆಲ್ಲದೆ ಇರುತ್ತಾನೆಯೇ.

ಬೆಳಕಿಗೆ ಹಿಡಿದೆ: ಎಡ ಮೂಲೆಯಲ್ಲಿ ಅಂಗೈಯಗಲ ಕಲೆ.
ಎರಡು ವರ್ಷ ಹುಡುಕಿದ ಬಣ್ಣವೇ ಅದು ಎಂದರೆ ಕಥೆಯಾದೀತು.
ಬರೀ ಚಹಾದ ಬಣ್ಣ. ಜಾಗವೂ ಸರಿಯಿಲ್ಲ.
ಸೋಪು ತರುತ್ತೇನೆಂದು ಎದ್ದವನನ್ನು ಕೂರಿಸಿ
ಸೂಜಿಗೆ ದಾರ ಪೋಣಿಸಿದೆ,
ಅದರ ಅಂಚಿನ ಗುಂಟ ಒಂದು ಗೆರೆ ಹಾಕಿದೆ,
ನೀರು ಇಲ್ಲಿಯವರೆಗೆ ಬಂದಿತ್ತು ಎಂಬ ಹಾಗೆ.

ಸರಿಯಾಯಿತೋ ಇಲ್ಲವೋ.
ಬಿಚ್ಚುವ ಯೋಚನೆ ಇನ್ನೂ ಇದೆ.