ಖಾಲಿ ಲಾರಿಯ ತೂಕ

ಅರಸೀಕೆರೆ ಮಾರ್ಕೆಟ್ಟಿನ ವೇಬ್ರಿಡ್ಜಿನಲ್ಲಿ
ಚೀಟಿ ಬರೆಯುವವಳು ನಾನು.
ಒಮ್ಮೆ, ಒಂದೇ ಒಮ್ಮೆ,
ಕೊಬ್ಬರಿ ಲೋಡಿಗೆ ನಲವತ್ತು ಕೆಜಿ ಹೆಚ್ಚು ಬರೆದೆ.
ಮಂಡಿ ಚನ್ನಮಲ್ಲಪ್ಪ ಹಮಾಲರೆದುರೇ ಕೂಗಾಡಿದ.
ಅಂದಿನಿಂದ ಪ್ರತಿ ಅಂಕಿಗೂ ಏಳು ಸಲ ಕಣ್ಣು,
ಹೊರಗೆ ಹಾರ್ನಿನ ಸಾಲು,
ಒಳಗೆ ಒಂದೇ ವಾಕ್ಯ:
ಇನ್ನೊಮ್ಮೆ ತಪ್ಪಿದರೆ ನೀನು ಯಾವುದಕ್ಕೂ ಬಾರದವಳು.

ಹಾಸನದ ದೊಡ್ಡಾಸ್ಪತ್ರೆ, ಹದಿನಾಲ್ಕನೇ ಕೋಣೆ.
ಆ ಮೇಡಂ ‘ಧೈರ್ಯವಾಗಿರಿ’ ಅನ್ನಲಿಲ್ಲ.
‘ಲಾರಿ ಹೇಗೆ ತೂಗ್ತೀರಿ?’ ಅಂದರು.
ಇದೂ ಒಂದು ಪ್ರಶ್ನೆಯೇ!
ತುಂಬಿದ್ದಾಗ ಒಮ್ಮೆ, ಇಳಿಸಿದ ಮೇಲೊಮ್ಮೆ,
ಕಳೆದು ಉಳಿದದ್ದು ಮಾಲು.
‘ಆ ವಾಕ್ಯವನ್ನೂ ಹಾಗೇ ತೂಗಿ.’

ಹಾಳೆಗೆ ನಡುವೆ ಗೆರೆ ಎಳೆದೆ.
ಹನ್ನೊಂದು ವರ್ಷ, ದಿನಕ್ಕೆ ಅರವತ್ತು ಚೀಟಿ,
ತಪ್ಪು ಒಂದು.
ಇಷ್ಟು ದಿನ ಹೊತ್ತದ್ದು ಬರೀ ಲಾರಿ;
ಮಾಲು ನಲವತ್ತೇ ಕೆಜಿ,
ಅದೂ ಮರುದಿನ ಲೆಕ್ಕದಲ್ಲಿ ಸರಿಹೋಗಿತ್ತು.

ಈ ವಾರದ ಮನೆಗೆಲಸ:
ಒಂದೇ ಸಲ ನೋಡಿ ಹರಿದು ಕೊಡುವುದು.
ಕೊಟ್ಟೆ.
ಬಾಣಾವರದ ಲಾರಿ ಗೇಟು ದಾಟಿತು.
ಹಿಂದೆಯೇ ಓಡಿ ಕೂಗಬೇಕೆನಿಸಿ
ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದೆ.
ಎದೆ ಡವಡವ.
ಹೊಡೆದುಕೊಳ್ಳಲಿ.
ಮುಂದಿನ ಗಾಡಿ ಆಗಲೇ
ಕಬ್ಬಿಣದ ಹಲಗೆ ಹತ್ತಿದೆ.